ಬಿಳಿ ಟೋಪಿ, ಹಳದಿ ಕಣ್ಣು

ರೇಣುಕಾ ಸತ್ತಿದ್ದು ಕಾಮಾಲೆಯಿಂದ. ಬಸುರಾಗಿದ್ದಳು, ಅದನ್ನು ಕಳೆದುಕೊಳ್ಳಲು ಏನೋ ನುಂಗಿದಳು ಎಂದು ಗಂಡನ ಮನೆಯವರು ಹೇಳಿಕೊಂಡು ತಿರುಗಿದ್ದು ಸುಳ್ಳು. ಮದುವೆಯ ದಿನವೇ ಅವಳಿಗೆ ಕಾಮಾಲೆಯಿತ್ತು. ಅಕ್ಷತೆ ಹಾಕಲು ಬಂದವರೆಲ್ಲ ಅವಳ ಮುಖ ನೋಡಿದರು, ಉಂಡರು, ಹೋದರು. ಒಬ್ಬರಿಗೂ ಕಾಣಲಿಲ್ಲ. ಕಂಡಿದ್ದು ಕ್ಯಾಮೆರಾಕ್ಕೆ ಮಾತ್ರ. ಅದನ್ನೂ ನನ್ನ ಮೊಮ್ಮಗ ಕೂತು ಅಳಿಸುತ್ತಿದ್ದ.

ಮೊನ್ನೆ ಹಿಂದಿನ ಬೀದಿಯಲ್ಲಿ ಒಂದು ಮದುವೆ. ಹೆಣ್ಣಿಗೆ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಕರೆದಿದ್ದರು. ಬಾಗಿಲು ದಾಟುವಾಗಲೇ ಹಸಿ ಅರಿಶಿನದ ವಾಸನೆ ಮೂಗಿಗೆ ಬಡಿಯಿತು. ಹುಡುಗಿಯ ಕೆನ್ನೆ ಮುಟ್ಟುವ ಮೊದಲು ನಾನು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಹುಡುಗಿ ಬೆಚ್ಚಿದಳು. ಅವಳ ತಾಯಿ "ಯಾಕಜ್ಜಿ, ಏನಾಯ್ತು?" ಎಂದಳು. "ಏನಿಲ್ಲ, ಬೆಳ್ಳಗೈತೆ" ಎಂದು ಹೇಳಿ ಅರಿಶಿನ ಹಚ್ಚಿ ಎದ್ದು ಬಂದೆ. ರೇಣುಕಾ ತೀರಿಕೊಂಡ ವರ್ಷದಿಂದ ನನಗೆ ಇದೊಂದು ಚಾಳಿ.

ನಮ್ಮದು ಲಗ್ಗೆರೆ. ನಾನು ಮದುವೆಯಾಗಿ ಬಂದಾಗ ಮನೆಯ ಹಿಂದೆ ರಾಗಿ ಹೊಲವಿತ್ತು. ಪೀಣ್ಯದ ಫ್ಯಾಕ್ಟರಿಗಳು ಬೆಳೆದ ಮೇಲೆ ರಾಗಿಯನ್ನು ಕೇಳುವವರಿಲ್ಲದೆ, ಕೋಣೆಗಳನ್ನು ಕೇಳುವವರೇ ಜಾಸ್ತಿಯಾದರು. ನನ್ನ ಗಂಡ ಹೊಲದ ಮೇಲೆ ಸಾಲಾಗಿ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟ. ಆಮೇಲೆ ಕುಡಿದು ಸತ್ತ. ಬೀದಿಯ ಕಡೆಯ ಕೋಣೆಯನ್ನು ನನ್ನ ಮಗಳ ಮಗ ಮಂಜನಿಗೆ ಕೊಟ್ಟೆ. ಅವನು ಮದುವೆ, ಗೃಹಪ್ರವೇಶಗಳ ವಿಡಿಯೋ ತೆಗೆಯುತ್ತಿದ್ದ. ಕೊನೆಯ ಕೋಣೆಯಲ್ಲಿ ಯಾದಗಿರಿ ಕಡೆಯ ಶರಣಮ್ಮ ಇದ್ದಳು, ಗಂಡ ಇಲ್ಲದವಳು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕಬ್ಬಿಣದ ಚೂರು ಗುಡಿಸುವ ಕೆಲಸ ಅವಳದು. ಅವಳ ಒಬ್ಬಳೇ ಮಗಳು ರೇಣುಕಾ, ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು.

ರೇಣುಕಾ ಬಾಯಾಳಿ. ನನ್ನನ್ನು ಓನರಜ್ಜಿ ಎಂದು ಕರೆಯುತ್ತಿದ್ದಳು. ನೀರು ಬಿಡುವ ಹೊತ್ತಿಗೆ ನಲ್ಲಿಯ ಹತ್ತಿರ ನಿಂತು, "ಓನರಜ್ಜಿ, ಮೊದಲ ನಿಮ್ಮ ಕೊಡ ಹಿಡ್ಕೊಳ್ರಿ, ಇಲ್ಲಂದ್ರ ಬಾಡಿಗಿ ಏರಸ್ತೀರಿ" ಎಂದು ಎಲ್ಲರ ಎದುರು ಅನ್ನುವವಳು. ಅಂಥವಳು ಮದುವೆ ಹತ್ತಿರವಾದಂತೆ ಬಾಯಿ ಮುಚ್ಚಿದಳು. ಹುಡುಗಿ ನಾಚಿಕೊಂಡಿದ್ದಾಳೆ ಅಂದುಕೊಂಡೆವು.

ಆ ವರ್ಷ ಚರಂಡಿಗೆಂದು ಬೀದಿ ಅಗೆದು ಹಾಗೇ ಬಿಟ್ಟಿದ್ದರು. ನಲ್ಲಿಯ ನೀರು ಒಂದೊಂದು ದಿನ ನಾರುತ್ತಿತ್ತು. ಅದರಿಂದ ಬಂತೋ, ಬೇರೆಲ್ಲಾದರೂ ಕುಡಿದ ನೀರಿನಿಂದ ಬಂತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ಗಂಡು ಬಸವರಾಜನೂ ಯಾದಗಿರಿ ಕಡೆಯವನೇ. ವರ್ತೂರಿನಲ್ಲಿ ಏಳುತ್ತಿದ್ದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ, ಅಲ್ಲೇ ಶೆಡ್ಡಿನಲ್ಲಿ ತಾಯಿಯ ಜೊತೆ ವಾಸ. ಊರಿಗೆ ಹೋಗಿ ಮದುವೆ ಮಾಡಿದರೆ ಇಬ್ಬರಿಗೂ ಕೆಲಸ ತಪ್ಪುತ್ತದೆ ಎಂದು ನಮ್ಮ ಮನೆಯ ಮುಂದೆಯೇ ಶಾಮಿಯಾನ ಹಾಕಿಸಿದರು. ಹಳದಿ ಬಟ್ಟೆಯ ಶಾಮಿಯಾನ. ವಿಡಿಯೋ ಮಂಜನದು.

ಮುಂಗಾರು ಬರುತ್ತೇನೆ ಬರುತ್ತೇನೆ ಎಂದು ಸತಾಯಿಸುತ್ತಿದ್ದ ದಿನಗಳು. ಬೆಳಿಗ್ಗೆ ಮೋಡ ಮುಚ್ಚಿತ್ತು. ಮಂಜ ಒಂದು ಬಿಳಿ ಪಂಚೆಯನ್ನು ಹಿಡಿಸಿ ಅದಕ್ಕೆ ಕ್ಯಾಮೆರಾ ತೋರಿಸಿದ. ಬಿಳಿ ಯಾವುದು ಎಂದು ಮೊದಲು ಕಲಿಸಿಕೊಡಬೇಕಂತೆ ಅದಕ್ಕೆ. ಅವನು ಕಲಿಸಿ ಮುಗಿಸುವಷ್ಟರಲ್ಲಿ ಬಿಸಿಲು ಬಂತು. ಬಿಸಿಲಿಗೆ ಸರಿಮಾಡಿಕೊಂಡರೆ ಮತ್ತೆ ಮೋಡ.

"ಇವನಜ್ಜಿ, ಒಂದು ಕಡೆ ನಿಂತ್ಕೊಳ್ಳೋ!" ಎಂದು ಸೂರ್ಯನನ್ನು ಬೈದ.

"ನಿನ್ನಜ್ಜಿ ಇಲ್ಲೇ ಅವ್ಳೆ ಕಣ್ಲಾ, ನೆಟ್ಟಗೆ ಮಾತಾಡು" ಎಂದೆ. ಹೆಂಗಸರೆಲ್ಲ ನಕ್ಕರು. ರೇಣುಕಾ ನಗಲಿಲ್ಲ.

ಅವಳ ಪಕ್ಕದಲ್ಲಿ ಅವಳ ಸೋದರಮಾವ, ಶರಣಮ್ಮನ ತಮ್ಮ, ಬೆಳಿಗ್ಗೆಯಿಂದ ಸಂಜೆಯವರೆಗೆ ಕಾವಲಿನವನ ಹಾಗೆ ನಿಂತಿದ್ದ. ಊರಿನಿಂದ ಗಂಜಿ ಹಾಕಿದ ಹೊಸ ಬಿಳಿ ಟೋಪಿ ತೊಟ್ಟು ಬಂದಿದ್ದ. ಮಂಜ "ಮಾವಾ, ಸ್ವಲ್ಪ ಸೈಡಿಗೆ ಬನ್ನಿ" ಎಂದು ಗೋಗರೆದರೂ ಜಗ್ಗಲಿಲ್ಲ. "ನಮ್ಮ ಹುಡುಗಿ ಮದವ್ಯಾಗ ನಾ ಯಾಕ ಸರೀಲಿ?" ಎಂದ.

ನಾನು ರೇಣುಕಾಗೆ ಊಟದ ಎಲೆ ಹಾಕಿದಾಗ ಅವಳು ತಲೆ ತಿರುಗಿಸಿದಳು. "ಅನ್ನದ ವಾಸನಿ ಬಂದ್ರ ಹೊಟ್ಟಿ ತೊಳಸ್ತದಜ್ಜಿ" ಎಂದಳು. ಯಾರೋ ಒಬ್ಬಳು "ಇವತ್ತೇ ಹೊಟ್ಟೆ ತೊಳ್ಸಿದ್ರೆ ಹೆಂಗಮ್ಮ, ಇನ್ನೂ ಟೈಮಿದೆ" ಎಂದು ತಮಾಷೆ ಮಾಡಿದಳು. ಮತ್ತೆ ನಗು. ಗಂಡಿನ ತಾಯಿ ದೇವಮ್ಮ ಅಲ್ಲೇ ನಿಂತು ಆ ಮಾತು ಕೇಳಿಸಿಕೊಂಡಳು. ಅವಳು ನಗಲಿಲ್ಲ.

ಹಣೆಗೆ ಬಾಸಿಂಗ, ಕಣ್ಣಿಗೆ ಕಾಡಿಗೆ, ಮೈಗೆಲ್ಲ ಅರಿಶಿನ, ತಲೆಯ ಮೇಲೆ ಹಳದಿ ಬಟ್ಟೆ. ಅಂಥ ಹೆಣ್ಣು ಹಳದಿಯಾಗಿ ಕಂಡರೆ ಯಾರು ಏನು ಅಂದುಕೊಳ್ಳಬೇಕು? ಸಂಜೆ ವರ್ತೂರಿಗೆ ಕಳಿಸಿಕೊಟ್ಟೆವು.

ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಬರಬೇಕು. ಶರಣಮ್ಮ ಹೊಸ ಚಾಪೆ ತಂದಿಟ್ಟಳು. ಮಗಳು ಬರಲಿಲ್ಲ. ಫೋನು ಮಾಡಿದರೆ ಅಳಿಯ "ಅಕೀಗಿ ಮೈಯಾಗ ಆರಾಮಿಲ್ಲ, ಆಮೇಲೆ ಕಳಸ್ತೀನ್ರಿ" ಎಂದು ಇಟ್ಟುಬಿಡುತ್ತಿದ್ದ. "ಬರ್ತಾಳ ಬಿಡ್ರಿ ಅಮ್ಮಾರೆ, ಹೊಸದಾಗಿ ಮದವಿ ಆದಾಕಿ, ಗಂಡ ಬಿಡವಲ್ಲ" ಎಂದು ಶರಣಮ್ಮ ನನಗೇ ಸಮಾಧಾನ ಹೇಳಿದಳು.

ಆಷಾಢದಲ್ಲಿ ಮದುವೆಗಳಿಲ್ಲ. ಹಾಗಾಗಿ ಸೀಸನ್ನಿನ ಕ್ಯಾಸೆಟ್ಟುಗಳನ್ನೆಲ್ಲ ಮಂಜ ಎಡಿಟ್ ಮಾಡಿ ಸಿಡಿ ಮಾಡುವುದು ಆ ತಿಂಗಳೇ. ಕಿಟಕಿಗೆ ಕರಿ ಬಟ್ಟೆ ಕಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಹೊರಗಿನ ಬೆಳಕು ಬಿದ್ದರೆ ಪರದೆಯ ಬಣ್ಣ ಸರಿಯಾಗಿ ತಿಳಿಯುವುದಿಲ್ಲವಂತೆ. ನಾನು ಅವರೆಕಾಳು ಆರಿಸುವ ಮೊರವನ್ನು ತೆಗೆದುಕೊಂಡು ಹೋಗಿ ಬಾಗಿಲ ಹತ್ತಿರ ಕೂತಿರುತ್ತಿದ್ದೆ. ಬಣ್ಣಗಳಿಗೆ ಅವನಿಗೆ ನಾನೇ ಸಾಕ್ಷಿ.

"ಅಜ್ಜಿ, ಧಾರೆ ಸೀರೆ ಯಾವ ಹಸಿರು?"

"ಗಿಣಿ ಹಸಿರು."

"ಇದಾ?"

"ಅಲ್ಲ, ಅದು ಬಾಳೆ ಎಲೆ. ಇನ್ನೂ ಎಳೇದು ಮಾಡು."

ರೇಣುಕಾಳ ಮದುವೆ ಅವನನ್ನು ಹಿಂಡಿಹಾಕಿತು. ಮೋಡದಲ್ಲಿ ತೆಗೆದಿದ್ದೆಲ್ಲ ನೀಲಿ ಹೊಡೆಯುತ್ತಿತ್ತು. ಬಿಸಿಲು ಬಂದಾಗ ಶಾಮಿಯಾನದ ಬಟ್ಟೆಯಿಂದ ಇಳಿದ ಬೆಳಕಿನಲ್ಲಿ ಜನ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿದ್ದರು. ಒಂದೇ ಆರತಿ ತಟ್ಟೆ, ಎತ್ತುವಾಗ ಒಂದು ಬಣ್ಣ, ಇಳಿಸುವಾಗ ಇನ್ನೊಂದು. ಅದನ್ನೆಲ್ಲ ಒಂದೇ ದಿನದ, ಒಂದೇ ಬೆಳಕಿನ ಹಾಗೆ ಮಾಡಬೇಕು. ಪರದೆಯ ಮೇಲೆ ಬಣ್ಣದ ಚಕ್ರಗಳಿದ್ದವು. ಚಕ್ರದ ಚುಕ್ಕೆಯನ್ನು ನೀಲಿಯ ಕಡೆ ಎಳೆದರೆ ಹಳದಿ ಇಳಿಯುತ್ತಿತ್ತು, ಹಳದಿಯ ಕಡೆ ಎಳೆದರೆ ನೀಲಿ ಇಳಿಯುತ್ತಿತ್ತು.

"ಅಲ್ಲಿ ಕೂತಿದ್ದಾಗ ನಮಗ್ಯಾಕೆ ಇಂಗೆ ಕಾಣ್ಲಿಲ್ಲ?" ಎಂದು ಕೇಳಿದೆ.

"ನಮ್ಮ ಕಣ್ಣು ತಾನೇ ಸರಿ ಮಾಡ್ಕೊಂಡ್ಬಿಡುತ್ತೆ ಅಜ್ಜಿ. ಬಿಳಿ ಅಂತ ಗೊತ್ತಿದ್ರೆ ಬಿಳಿ ಅಂತ್ಲೇ ತೋರ್ಸುತ್ತೆ. ಕ್ಯಾಮೆರಾಕ್ಕೆ ಆ ನಾಟಕ ಬರಲ್ಲ."

ಮದುವೆಯ ದಿನ ಸರಿಯದೆ ಸತಾಯಿಸಿದ್ದ ಸೋದರಮಾವ ಈಗ ಮಂಜನಿಗೆ ದೇವರಾದ. ಎಲ್ಲಿ ನೋಡಿದರೂ ಆ ಟೋಪಿ ಇತ್ತಲ್ಲ. ಟೋಪಿ ಬಿಳಿಯಾಗುವವರೆಗೆ ಚಕ್ರ ತಿರುಗಿಸಿದರೆ ಸೀರೆ, ತೋರಣ, ಹೂವು ಎಲ್ಲವೂ ತಮ್ಮ ತಮ್ಮ ಬಣ್ಣಕ್ಕೆ ಬಂದು ನಿಲ್ಲುತ್ತಿದ್ದವು. "ಮಾವನ ಟೋಪಿ ಸರಿಹೋದ್ರೆ ಲೋಕಾನೇ ಸರಿ ಅಜ್ಜಿ" ಎಂದು ಕುಣಿದ.

ಆಮೇಲೆ ಕುಣಿತ ನಿಂತಿತು. ಗೊಣಗತೊಡಗಿದ.

"ಏನ್ಲಾ ಅದು?"

"ರೇಣುದೇ ತಲೆನೋವು. ಟೋಪಿ ಬಿಳಿ ಮಾಡಿದ್ರೆ ಇವಳ ಕಣ್ಣು ಹಳದಿ ಉಳ್ಕೊಳುತ್ತೆ. ಕಣ್ಣು ಬಿಳಿ ಮಾಡಿದ್ರೆ ಟೋಪಿ ನೀಲಿ ಆಗುತ್ತೆ, ಪಕ್ಕದೋರೆಲ್ಲ ಹೆಣದ ತರ ಕಾಣ್ತಾರೆ."

"ಅದಕ್ಕೇನ್ ಮಾಡ್ತಿದ್ದೀಯ?"

"ಅವಳ ಮುಖದ ಸುತ್ತ ಗೆರೆ ಎಳೆದು ಅದರೊಳಗೆ ಮಾತ್ರ ಹಳದಿ ತೆಗೀತಿದ್ದೀನಿ. ಅವಳು ಅಲ್ಲಾಡಿದಾಗೆಲ್ಲ ಗೆರೇನೂ ಅಲ್ಲಾಡಿಸ್ಬೇಕು. ಸೋಮವಾರದಿಂದ ಇದೇ ಆಯ್ತು. ಶಾಮಿಯಾನದ ಬಣ್ಣ ಅವಳ ಮೇಲೆ ಜಾಸ್ತಿ ಬಿದ್ದಿದೆ. ಅದರ ಮೇಲೆ ಅರಿಶಿನ ಬೇರೆ."

ನಾನು ಮೊರ ಕೆಳಗಿಟ್ಟೆ. "ಅರಿಶಿನ ಕೆನ್ನೆಗೆ ಹಚ್ತಾರೆ ಕಣ್ಲಾ. ಕಣ್ಣೊಳಗೆ ಯಾರು ಹಚ್ತಾರೆ?"

ಅವನ ಕೈ ನಿಂತಿತು.

"ಹಿಂದಿನ ದಿನ ಬಳೆ ತೊಡ್ಸಿದ್ದು ಐತಾ? ಮನೆ ಒಳಗಿಂದು. ಹಾಕು."

ಹಾಕಿದ. ಅಲ್ಲಿ ಶಾಮಿಯಾನವಿಲ್ಲ, ಬಿಸಿಲಿಲ್ಲ, ಅರಿಶಿನ ಇನ್ನೂ ಹಚ್ಚಿಲ್ಲ. ಟ್ಯೂಬ್‌ಲೈಟಿನ ಕೆಳಗೆ ರೇಣುಕಾ ಬಳೆಗಾರನಿಗೆ ಕೈ ಕೊಟ್ಟು ಕೂತಿದ್ದಾಳೆ. ಹಿಂದಿನ ಗೋಡೆ ಬಿಳಿ. ಅವಳು ತಲೆ ಎತ್ತಿ ಕ್ಯಾಮೆರಾ ನೋಡಿದಳು. ಕಣ್ಣು ಹಳದಿ. ಅಂಗೈ ಹಳದಿ. ಕಾಮಾಲೆಯ ಕಣ್ಣು ನನಗೆ ಗೊತ್ತು. ನನ್ನ ಗಂಡ ಹೋಗಿದ್ದು ಅದೇ ಕಣ್ಣು ಬಿಟ್ಟುಕೊಂಡು.

ಮಂಜ ನನ್ನ ಮುಖ ನೋಡಿದ. "ಅಜ್ಜಿ, ಇದು ಲೈಟಲ್ವಾ?"

"ಅಲ್ಲ."

ಶರಣಮ್ಮ ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಬಂದಳು. ಕರೆದು ತೋರಿಸಿದೆ. ನೋಡಿದಳು. ಅಲ್ಲೇ ನಿಂತು ಅಳಿಯನಿಗೆ ಫೋನು ಹಚ್ಚಿದಳು. ಎತ್ತಿದವಳು ದೇವಮ್ಮ. ಅವಳ ದನಿ ನನಗೂ ಕೇಳುವಷ್ಟು ಜೋರಿತ್ತು.

"ಕಾಮಾಲಿ ಗೀಮಾಲಿ ಏನಿಲ್ಲ. ಬಂದ ದಿನದಿಂದ ವಾಂತಿ ಮಾಡ್ಕೊಂತಾಳ. ಮದವಿ ದಿನಾನೂ ಹೊಟ್ಟಿ ತೊಳಸ್ತದ ಅಂದಿದ್ದು ನಾ ಕೇಳೀನಿ. ಹೊಟ್ಟ್ಯಾಗಿಂದು ಯಾರದು ಅಂತ ಮೊದಲ ಬಾಯಿ ಬಿಡ್ಲಿ. ಆಮ್ಯಾಲ ತವರಿಗಿ ಕಳಸ್ತೀವಿ."

ಫೋನು ಸತ್ತಿತು. ಶರಣಮ್ಮ ಗೋಡೆಗೆ ಒರಗಿದಳು. "ನಾ ಈಗ ಹೋದ್ರ ಜಗಳಾಗ್ತದ್ರಿ ಅಮ್ಮಾರೆ. ರೋಗಿಷ್ಟ ಹುಡುಗೀನ ಕಟ್ಟಿದ್ರಿ ಅಂತಾರ. ಸ್ವಲ್ಪ ತಡೀತೀನಿ."

"ಜಗಳಕ್ಕೆ ಎದ್ರಿಕೊಂಡು ಮಗಳನ್ನ ಮಣ್ಣಿಗಾಕ್ತೀಯೇನಮ್ಮಿ? ಚಪ್ಪಲಿ ಮೆಟ್ಟು, ನಡಿ" ಎಂದೆ.

ಮೆಜೆಸ್ಟಿಕ್ಕಿಗೆ ಬಂದು, ಅಲ್ಲಿಂದ ವರ್ತೂರಿನ ಬಸ್ಸು ಹತ್ತಿದೆವು. ಕೆರೆ ಬರುವುದಕ್ಕೆ ಮೊದಲೇ ಕೆರೆಯ ನಾತ ಬಂತು. ಏಳುತ್ತಿದ್ದ ಕಟ್ಟಡದ ಹಿಂದೆ ತಗಡಿನ ಗೋಡೆಯ ಶೆಡ್ಡುಗಳ ಸಾಲು, ಸೂರಿಗೆ ಬರೀ ನೀಲಿ ಟಾರ್ಪಾಲು. ದೇವಮ್ಮ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಳು. ಅವಳನ್ನು ಸರಿಸಿ ಒಳಗೆ ಹೋದೆವು.

ರೇಣುಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗಿಸಿ ನೋಡಿದರೆ, ಮುಖ ಕಂದಿತ್ತು ಅಷ್ಟೇ. ಹಳದಿಯಿಲ್ಲ.

"ಎಲ್ಲದ ನಿಮ್ಮ ಕಾಮಾಲಿ? ತೋರ್ಸ್ರಿ" ಎಂದಳು ದೇವಮ್ಮ.

ಟಾರ್ಪಾಲಿನಿಂದ ಇಳಿದ ನೀಲಿ ಬೆಳಕು ಅವಳ ಮೇಲೆ, ಹಾಸಿಗೆಯ ಮೇಲೆ, ನನ್ನ ಕೈಯ ಮೇಲೂ ಬಿದ್ದಿತ್ತು. ಮಂಜ ಚಕ್ರದ ಚುಕ್ಕೆ ಎಳೆದು ಮಾಡುತ್ತಿದ್ದ ಕೆಲಸವನ್ನೇ ಆ ಟಾರ್ಪಾಲು ಬಿಟ್ಟಿಯಾಗಿ ಮಾಡಿಟ್ಟಿತ್ತು.

"ಆಚೆಗೆ ಎತ್ಕೊಂಡ್ ಬಾರಪ್ಪ" ಎಂದೆ ಬಸವರಾಜನಿಗೆ. ಅವನು ತಾಯಿಯ ಮುಖ ನೋಡಿದ. "ಅವಳ ಮುಖ ಏನ್ ನೋಡ್ತೀಯ, ಎತ್ತು!"

ಎತ್ತಿ ತಂದು ಆಕಾಶದ ಕೆಳಗೆ ಮಲಗಿಸಿದ. ರೆಪ್ಪೆ ಎಳೆದೆ. ಕಣ್ಣು, ಮುಖ, ಕತ್ತು, ಉಗುರಿನ ಬುಡ, ಎಲ್ಲ ಹಳದಿ. ಬಸವರಾಜ ಆಟೋ ತರಲು ಓಡಿದ. ರೇಣುಕಾ ನನ್ನನ್ನು ನೋಡಿದಳು. ಗುರುತು ಸಿಗಲಿಲ್ಲ, ಗಾರ್ಮೆಂಟ್ಸಿನ ಸೂಪರ್‌ವೈಸರ್ ಅಂದುಕೊಂಡಳೋ ಏನೋ. "ಮೇಡಂ, ಇವತ್ತು ಪೀಸ್ ಮುಗಿಸೇ ಹೋಗ್ತೀನ್ರಿ" ಎಂದಳು. ಮುಂದೆ ಅವಳು ಅರ್ಥವಾಗುವ ಹಾಗೆ ಏನನ್ನೂ ಆಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದಳು. ಲಿವರು ಕೆಟ್ಟುಹೋಗಿದೆ, ವಿಷ ತಲೆಗೇರಿದೆ ಎಂದಳು. ಶರಣಮ್ಮನ ಎದುರಿನಲ್ಲೇ ನಾನು ಕೇಳಿದೆ, ಹುಡುಗಿ ಬಸುರಿಯೇ ಎಂದು. ಅಲ್ಲ ಎಂದಳು. ದೇವಮ್ಮ ಆಗ ವರಾಂಡದಲ್ಲಿದ್ದಳು. ಹೋಗಿ ಹೇಳಿದರೆ ಮುಖ ತಿರುಗಿಸಿದಳು. ಆ ವಾರ ಮುಗಿಯುವುದರೊಳಗೆ ರೇಣುಕಾ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಮಾತು ಶುರುವಾಯಿತು. ಮದುವೆಗೆ ಮುಂಚೆಯೇ ಬಸುರಾಗಿದ್ದಳು, ತೆಗೆಸಲು ಔಷಧಿ ನುಂಗಿದಳು, ಅದು ಏರಿ ಸತ್ತಳು ಎಂದು. ಶೆಡ್ಡಿನ ಸಾಲಿನಿಂದ ಫೋನಿನಲ್ಲಿ ಊರಿಗೆ ಹೋಯಿತು. ಆಸ್ಪತ್ರೆಯವರು ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಅದನ್ನು ಓದುವವರು ಯಾರು, ಓದಿ ಹೇಳಿದರೆ ನಂಬುವವರು ಯಾರು? ಕೊನೆಗೆ ಆ ಟೋಪಿಯ ತಮ್ಮನೇ ಫೋನು ಮಾಡಿದ. "ಅಕ್ಕಾ, ಇಲ್ಲಿ ಮಂದಿ ಹಿಂಗ ಮಾತಾಡ್ತಾರ. ಖರೇ ಏನು?" ಶರಣಮ್ಮ ಫೋನಿಟ್ಟು ಅಂಗಳದಲ್ಲಿ ಕೂತಳು. "ನನ್ನ ಬೆನ್ನಿಗಿ ಬಿದ್ದಾಂವನೇ ಕೇಳ್ತಾನ್ರಿ" ಎಂದಳು. ಅಳಲಿಲ್ಲ. ಮಗಳು ಸತ್ತಾಗ ಅತ್ತಿದ್ದಳು. ಇದಕ್ಕೆ ಅವಳಲ್ಲಿ ಅಳು ಉಳಿದಿರಲಿಲ್ಲ.

ಅಷ್ಟರಲ್ಲಿ ಒಂದು ಶನಿವಾರ ಬಸವರಾಜ ಮಂಜನಿಗೆ ಫೋನು ಮಾಡಿ ಮದುವೆಯ ಸಿಡಿ ಕೇಳಿದ. ಮದುವೆ ವಿಡಿಯೋ ಯಾವತ್ತೂ ಎರಡು ಕಾಪಿ, ಹೆಣ್ಣಿನ ಮನೆಗೊಂದು, ಗಂಡಿನ ಮನೆಗೊಂದು. ಮಂಜ ಉಳಿದಿದ್ದ ಕೆಲಸವನ್ನು ಮುಗಿಸಿಟ್ಟಿದ್ದ. ಹಾಕಿ ತೋರಿಸಿದ. ಎಲ್ಲಿಯೂ ಮೋಡವಿಲ್ಲ, ಎಲ್ಲಿಯೂ ಬಿಸಿಲಿನ ಉರಿಯಿಲ್ಲ. ಗಿಣಿ ಹಸಿರು ಸೀರೆಯಲ್ಲಿ ರೇಣುಕಾ, ಕಣ್ಣು ಹಾಲಿನ ಹಾಗೆ ಬೆಳ್ಳಗೆ.

"ಇದನ್ನ ಅವರಿಗೆ ಕೊಟ್ರೆ ಏನಂತಾರೆ ಗೊತ್ತೇನ್ಲಾ?" ಎಂದೆ. "ಮದುವೆ ದಿನ ಇಂಗೆ ಗುಂಡುಕಲ್ಲಂಗಿದ್ಲು, ಯಾವ ಕಾಯಿಲೆ ಇತ್ತು ಅಂತಾರೆ. ಅವರ ಸುಳ್ಳಿಗೆ ನೀನೇ ಸಾಕ್ಷಿ ಕಟ್ಕೊಟ್ಟಂಗಾಗ್ತದೆ."

"ಮತ್ತೇನ್ ಮಾಡ್ಲಿ ಅಜ್ಜಿ?"

"ಅವಳ ಮುಖದ ಸುತ್ತ ಎಳೆದಿದ್ದೀಯಲ್ಲ ಗೆರೆ, ಅದನ್ನ ತೆಗೆದು ಇನ್ನೊಂದು ಮಾಡು. ಟೋಪಿ ಬಿಳಿ ಇರ್ಲಿ, ಸೀರೆ ಹಸಿರು ಇರ್ಲಿ. ಅವಳು ಎಂಗಿದ್ಲೋ ಅಂಗಿರ್ಲಿ."

"ನೋಡಕ್ಕಾಗಲ್ಲ ಅಜ್ಜಿ. ಕೊನೇಲಿ ನನ್ನ ಹೆಸರು ಬರುತ್ತೆ. ಕೆಲಸ ಬರಲ್ಲ ಅಂದ್ಕೋತಾರೆ."

"ಅಂದ್ಕೊಳ್ಲಿ ಬಿಡು."

ಗೊಣಗುತ್ತಲೇ ಮಾಡಿದ. ಶರಣಮ್ಮನನ್ನು ಕರೆದು ಎರಡನ್ನೂ ತೋರಿಸಿದೆ. ಅವಳು ಪರದೆಗೆ ಮುಖ ತಾಗುವಷ್ಟು ಹತ್ತಿರ ಕೂತು ನೋಡಿದಳು. ಬೆಳ್ಳನೆಯ ಕಣ್ಣಿನ ಸಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ನನಗ ಇದ ಇರ್ಲಿ. ಅವರಿಗಿ ಅದನ್ನ ಕೊಡ್ರಿ" ಎಂದಳು. ಬಾಗಿಲವರೆಗೆ ಹೋದವಳು ನಿಂತು, "ನಾ ಬರಂಗಿಲ್ರಿ ಅಮ್ಮಾರೆ. ನೀವ ಹೋಗ್ರಿ" ಎಂದಳು.

ಮಾರನೆಯ ಬೆಳಿಗ್ಗೆ ನಾನೊಬ್ಬಳೇ ವರ್ತೂರಿಗೆ ಹೋದೆ. ಭಾನುವಾರ, ಕೆಲಸವಿರಲಿಲ್ಲ. ಮೇಸ್ತ್ರಿಯ ಶೆಡ್ಡಿನಲ್ಲಿ ಟಿವಿ, ಸಿಡಿ ಪ್ಲೇಯರು ಇದ್ದವು, ಸಾಲಿನ ಗಂಡಸರು ಹೆಂಗಸರು ಅದರ ಮುಂದೆ ಸೇರಿದ್ದರು. ದೇವಮ್ಮನೂ ಬಸವರಾಜನೂ ಅಲ್ಲೇ ಇದ್ದರು. ಮೇಸ್ತ್ರಿಗೆ ಸಿಡಿ ಕೊಟ್ಟು ಹಾಕಿಸಿದೆ. ರೇಣುಕಾ ಸೋದರಮಾವನ ಪಕ್ಕ ನಿಂತು ತಲೆ ಎತ್ತಿ ನೋಡುವ ಜಾ‍ಗ ಬಂದಾಗ ನಿಲ್ಲಿಸು ಎಂದೆ. ಎದ್ದು ಹೋಗಿ ಟಿವಿಯ ಮೇಲೆ ಬೆರಳಿಟ್ಟೆ.

"ಈ ಟೋಪಿ ಯಾವ ಬಣ್ಣ ಐತೆ?"

"ಬಿಳಿ" ಎಂದರು.

ಬೆರಳನ್ನು ಸರಿಸಿದೆ. "ಈ ಕಣ್ಣು?"

ದೇವಮ್ಮ ಎದ್ದು ಹೊರಡಲು ನೋಡಿದಳು. ಮುಂದೆ ಜನ ಕೂತಿದ್ದರಿಂದ ದಾರಿಯಿರಲಿಲ್ಲ.

"ಟೋಪಿ ಬಣ್ಣ ಗೊತ್ತಾದೋರಿಗೆ ಕಣ್ಣಿನ ಬಣ್ಣ ಗೊತ್ತಾಗಾಕಿಲ್ವಾ? ಯೋಳ್ರಪ್ಪ."

"ಹಳದಿ" ಎಂದ ಬಸವರಾಜ. ತಾಯಿಯ ಕಡೆ ತಿರುಗಿ ಇನ್ನೊಂದು ಸಲ ಎಂದ, "ಹಳದಿ ಅದ."

ಸಿಡಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿಗೆ ನಡೆದೆ.